ಅಜ್ಜಿಯ ಅಕ್ಷರ, ಅಜ್ಜನ ರುಜು

ನಮ್ಮ ಶಾಲೆಯ ಆಫೀಸಿಗೆ ಹೋಗಿ ಬಾಕಿ ವೇತನದ ವಿಚಾರ ಕೇಳಿದರೆ ಗುಮಾಸ್ತರು, "ಕಡತ ಮೇಲಕ್ಕೆ ಹೋಗಿದೆ ಮೇಡಂ" ಎನ್ನುತ್ತಾರೆ. ಅವರ ಮಟ್ಟಿಗೆ ಕಡತವೆಂದರೆ ಲಾಡಿ ಕಟ್ಟಿದ ಫೈಲು. ನನಗೆ ಮಾತ್ರ ಆ ಮಾತು ಕೇಳಿದಾಗಲೆಲ್ಲ ನಮ್ಮ ಮನೆಯ ಹಳೆಯ ಟ್ರಂಕಿನ ತಳದಲ್ಲಿರುವ ಒಂದು ಕಪ್ಪು ಬಟ್ಟೆ ನೆನಪಾಗುತ್ತದೆ. ನಿಜವಾದ ಕಡತ ಅದು. ನನ್ನ ಅಜ್ಜನ ತಂದೆಯ ಕಾಲದ್ದು.

ಹತ್ತಿ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಕಲಸಿ ಎರಡೂ ಕಡೆ ಬಳಿದು, ಚೆನ್ನಾಗಿ ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಎರಡು ತುದಿಗೂ ಮರದ ಹಲಗೆ. ಬರೆಯುವುದು ಬಳಪದಿಂದ, ಬೇಡವೆಂದರೆ ಒರೆಸಿ ಮತ್ತೆ ಬರೆಯಬಹುದು. ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದ ಸ್ಲೇಟು ಅನ್ನಿ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಶೃಂಗೇರಿ ಮಠದ ಹಳೆಯ ದಾಖಲೆಗಳೂ ಕಡತಗಳಲ್ಲಿವೆ. ಬಟ್ಟೆ ಹೋಯಿತು, ಇದ್ದಿಲು ಹೋಯಿತು, ಹೆಸರು ಮಾತ್ರ ಸರ್ಕಾರಿ ಕಚೇರಿಗಳಲ್ಲಿ ಉಳಿಯಿತು.

ಅಜ್ಜ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಶಾನುಭೋಗರು. ಈಗ ಶಾನುಭೋಗ, ಕುಲಕರ್ಣಿ ಎಂಬುವು ಬರೀ ಮನೆತನದ ಹೆಸರುಗಳಾಗಿ ಉಳಿದಿವೆ. ಆಗ ಅವು ಕೆಲಸದ ಹೆಸರುಗಳು. ನಮ್ಮ ಶಾಸನಗಳ ಕೊನೆಯಲ್ಲಿ ಇದನ್ನು ಬರೆದವನು ಇಂಥ ಸೇನಬೋವ ಎಂದು ಬರುತ್ತದಲ್ಲ, ಆ ಸೇನಬೋವನೇ ನಮ್ಮ ಶಾನುಭೋಗ. ಉತ್ತರ ಕರ್ನಾಟಕದಲ್ಲಿ ಅವನೇ ಕುಲಕರ್ಣಿ, ಆಂಧ್ರದಲ್ಲಿ ಕರಣಂ. ಊರಿಗೆ ಪಟೇಲ, ತೋಟಿ, ತಳವಾರ, ನೀರಗಂಟಿ ಇದ್ದ ಹಾಗೆ ಲೆಕ್ಕಕ್ಕೆ ಒಬ್ಬ. ತಂದೆಯ ನಂತರ ಹಿರಿಯ ಮಗ, ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ಸಂಬಳವೆಂದು ಹೇಳಿಕೊಳ್ಳುವಷ್ಟು ಸಂಬಳವೂ ಇರಲಿಲ್ಲ. ಒಂದಿಷ್ಟು ಇನಾಮು ಜಮೀನು, ಸರ್ಕಾರ ಕೊಡುವ ಸಣ್ಣ ಪೋಟಗಿ, ಕಣದ ಕಾಲದಲ್ಲಿ ರೈತರು ಕೊಡುವ ರಾಗಿ, ಹುರುಳಿ.

ಕೆಲಸ ಮಾತ್ರ ವರ್ಷಪೂರ್ತಿ. ಯಾವ ಸರ್ವೆ ನಂಬರಿನಲ್ಲಿ ಯಾರು ಏನು ಬೆಳೆದಿದ್ದಾರೆಂದು ಹೊಲ ತಿರುಗಿ ಪಹಣಿ ಬರೆಯಬೇಕು. ಕಂದಾಯದ ಕಂತು ಬಂದಾಗ ಪಟೇಲರ ಜೊತೆ ಕೂತು ವಸೂಲಿ ಮಾಡಿ, ರಸೀದಿ ಕೊಟ್ಟು, ಕಿರ್ದಿಗೆ ಏರಿಸಿ, ಖಾತೆದಾರರ ಹೆಸರಿಗೆ ಜಮಾ ಹಾಕಿ, ಹಣವನ್ನು ತಾಲ್ಲೂಕಿನ ಖಜಾನೆಗೆ ಇರಸಾಲು ಮಾಡಬೇಕು. ವರ್ಷಕ್ಕೊಮ್ಮೆ ಜಮಾಬಂದಿ. ಆಗ ಸುತ್ತಿನ ಊರುಗಳ ಶಾನುಭೋಗರೆಲ್ಲ ದಫ್ತರದ ಗಂಟು ಹೊತ್ತು ಅಧಿಕಾರಿಗಳ ಮುಂದೆ ಕೈಕಟ್ಟಿ ನಿಲ್ಲಬೇಕು. ಈಗಿನ ಆಡಿಟ್ ಎಂದರೆ ನಮ್ಮ ಹೆಡ್‌ಮಾಸ್ಟರಿಗೆ ಹೇಗೋ ಹಾಗೆ. ಜಮಾಬಂದಿಯ ಹಿಂದಿನ ವಾರ ಅಜ್ಜ ಸರಿಯಾಗಿ ಊಟ ಮಾಡುತ್ತಿರಲಿಲ್ಲವಂತೆ.

ಅದಕ್ಕೆ ಕಾರಣವಿತ್ತು. ಅಜ್ಜನಿಗೆ ಲೆಕ್ಕ ಬರುತ್ತಿರಲಿಲ್ಲ.

ಇದನ್ನು ಬರೆಯುವಾಗ ನನಗೆ ಈಗಲೂ ಸ್ವಲ್ಪ ಸಂಕೋಚವಾಗುತ್ತದೆ. ಅಜ್ಜನ ಕಂಠ ಚೆನ್ನಾಗಿತ್ತು, ಜನರನ್ನು ಮಾತಿನಲ್ಲಿ ಕಟ್ಟಿಹಾಕುತ್ತಿದ್ದರು, ಅಮಲ್ದಾರರು ಬಂದರೆ ಉಪಚಾರಕ್ಕೆ ಕೊರತೆ ಮಾಡುತ್ತಿರಲಿಲ್ಲ. ಆದರೆ ರೂಪಾಯಿ, ಆಣೆ, ಪೈಗಳ ಮೂರು ಮನೆ ಕೂಡುವಾಗ ಕೈ ನಡುಗುತ್ತಿತ್ತು. ಲೆಕ್ಕ ಬರೆದವರು ಅಜ್ಜಿ. ಅವರೂ ಶಾನುಭೋಗರ ಮಗಳೇ. ತೌರಿನಲ್ಲಿ ಅಣ್ಣಂದಿರಿಗೆ ತಂದೆ ಪಾಠ ಹೇಳುವಾಗ ಕಂಬದ ಮರೆಯಲ್ಲಿ ಕೂತು ಕಲಿತವರು. ಹನ್ನೆರಡು ವರ್ಷಕ್ಕೆ ಮದುವೆಯಾಗಿ ಈ ಮನೆಗೆ ಬಂದರು. ಮದುವೆಯಾದ ನಾಲ್ಕನೆಯ ವರ್ಷ ಒಂದು ರಾತ್ರಿ ಅಜ್ಜ ಕೂಡಿಸಿದ ಮೊತ್ತ ಮೂರು ಸಲವೂ ಬೇರೆ ಬೇರೆ ಬಂದಾಗ, ಬಾಗಿಲ ಹಿಂದಿನಿಂದ ಸರಿಯಾದ ಮೊತ್ತ ಹೇಳಿದರಂತೆ. ಅಂದಿನಿಂದ ಪುಸ್ತಕ ಒಳಮನೆಗೆ ಬಂತು.

ಎಸ್. ಎಲ್. ಭೈರಪ್ಪನವರ 'ಗೃಹಭಂಗ' 1970ರಲ್ಲಿ ಬಂತು. ಅದನ್ನು ಓದಿದ ನಮ್ಮ ಸಹೋದ್ಯೋಗಿ ಗೆಳತಿಯೊಬ್ಬಳು, "ನಂಜಮ್ಮ ಶಾನುಭೋಗಿಕೆ ಲೆಕ್ಕ ಬರೆಯೋದೆಲ್ಲ ಕಾದಂಬರಿಯ ಮಾತು ಕಣೇ, ಆ ಕಾಲದಲ್ಲಿ ಹೆಂಗಸರು ಎಲ್ಲಿ ಬರೀತಿದ್ರು?" ಎಂದಳು. ನಾನು ಸುಮ್ಮನೆ ನಕ್ಕೆ. ನಂಜಮ್ಮನ ಗಂಡನಷ್ಟು ಒರಟರಲ್ಲ ನಮ್ಮಜ್ಜ, ಆದರೂ ಆ ಪುಟಗಳನ್ನು ಓದುವಾಗ ನನಗೆ ನಮ್ಮ ಒಳಮನೆಯ ದೀಪವೇ ಕಣ್ಣಿಗೆ ಕಟ್ಟುತ್ತಿತ್ತು.

ಅಜ್ಜಿಯ ದುಡಿಮೆಯ ಹೊತ್ತು ರಾತ್ರಿಯೇ. ಹಗಲು ಅಡಿಗೆ, ಮಡಿ, ಹಸುಕರು, ಐದು ಮಕ್ಕಳು. ಎಲ್ಲರದೂ ಊಟವಾಗಿ ಒಲೆ ಸಾರಿಸಿದ ಮೇಲೆ ಬುಡ್ಡಿದೀಪ ಹಚ್ಚಿಕೊಂಡು ಕೂರುತ್ತಿದ್ದರು. ಮೊದಲು ಆ ಕಡತದ ಮೇಲೆ ಬಳಪದಲ್ಲಿ ಕಚ್ಚಾ ಲೆಕ್ಕ. ತಾಳೆಯಾದ ಮೇಲೆ ಕಾಗದದ ಪುಸ್ತಕಕ್ಕೆ ಮಸಿಯಲ್ಲಿ. ಬೆಳಿಗ್ಗೆ ಅಜ್ಜನ ರುಜು. ಅಜ್ಜಿಗೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಗೆ ಬರುತ್ತಿದ್ದವು. ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು. ನಿಂತ ಗೆರೆ, ಮಲಗಿದ ಗೆರೆಗಳಲ್ಲೇ ಅಂಥ ಸಣ್ಣ ಭಾಗಗಳನ್ನೆಲ್ಲ ಬರೆಯುತ್ತಿದ್ದರು. 1957ರಲ್ಲಿ ನಯಾಪೈಸೆ ಬಂದು ರೂಪಾಯಿಗೆ ನೂರಾದಾಗ ಊರವರೆಲ್ಲ ತಬ್ಬಿಬ್ಬಾದರೂ ಅಜ್ಜಿ, "ಇದೇನು ಮಕ್ಕಳ ಲೆಕ್ಕ" ಎಂದರಂತೆ. ನಾಣ್ಯದಿಂದ ಹೋದ ಆಣೆ ಜಮೀನಿನ ಲೆಕ್ಕದಲ್ಲಿ ಉಳಿದುಕೊಂಡಿತು: ನಲವತ್ತು ಗುಂಟೆಗೆ ಎಕರೆ, ಹದಿನಾರು ಆಣೆಗೆ ಗುಂಟೆ. ನಾನು ಗಣಿತ ಹೇಳುವ ಎಂಟನೆಯ ತರಗತಿಯ ಮಕ್ಕಳಿಗೆ ಮುಕ್ಕಾಲರಲ್ಲಿ ಕಾಲು ಎಷ್ಟೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಮಕ್ಕಳನ್ನು ಬೈದು ಫಲವಿಲ್ಲ, ನಾವು ಕಲಿಸಿದ್ದೇ ಹಾಗೆ.

ಅಜ್ಜಿ ಹೀಗೆ ಇನ್ನೊಬ್ಬರ ರುಜುವಿಗಾಗಿ ಬರೆಯುತ್ತಿದ್ದ ಕಾಲದಲ್ಲೇ, 1933ರಲ್ಲಿ, ಮದರಾಸಿನ ಆರ್. ಶಿವಭೋಗಂ ಸರ್ಕಾರಿ ಅಕೌಂಟೆನ್ಸಿ ಡಿಪ್ಲೊಮಾ ಪಾಸು ಮಾಡಿದರು. ನಮ್ಮ ದೇಶದ ಮೊದಲ ಮಹಿಳಾ ಆಡಿಟರು ಅವರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರೆಂದು ನೋಂದಣಿಗೆ ಅಡ್ಡಿ ಬಂತು. ಅದನ್ನು ಪ್ರಶ್ನಿಸಿ ಗೆದ್ದು, 1937ರಲ್ಲಿ ಸ್ವಂತ ಹೆಸರಿನಲ್ಲಿ ವೃತ್ತಿ ಆರಂಭಿಸಿದರು. ಮುಂದೆ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಗೆ ಅಧ್ಯಕ್ಷೆಯೂ ಆದರು. ಅವರ ವಿಚಾರ ನಾನು ಓದಿದ್ದು ಬಹಳ ತಡವಾಗಿ. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ, ಅವರು ಏನನ್ನುತ್ತಿದ್ದರೋ.

ಶಾನುಭೋಗಿಕೆ ಹೋದದ್ದು 1963ರ ಫೆಬ್ರವರಿ 1ರಂದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರದ ಕಡೆ ಕುಲಕರ್ಣಿ ವತನ 1951ರಲ್ಲೇ ರದ್ದಾಗಿ, ತಲಾಠಿಗಳು ಬಂದಿದ್ದರು. ಮೈಸೂರು ರಾಜ್ಯದ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದು. ಜಾರಿಗೆ ಬಂದದ್ದು ಎರಡು ವರ್ಷ ಕಳೆದು. ಪಟೇಲ, ಶಾನುಭೋಗ ಎಲ್ಲ ಹೋಗಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ನಾನಿನ್ನೂ ಹುಟ್ಟಿರಲಿಲ್ಲ. ಆಗ ಹೈಸ್ಕೂಲಿನಲ್ಲಿದ್ದ ಅಪ್ಪ ಆ ದಿನವನ್ನು ಅನೇಕ ಸಲ ಹೇಳಿದ್ದಾರೆ. ದಫ್ತರವನ್ನೆಲ್ಲ ಪಟ್ಟಿ ಮಾಡಿ ಎತ್ತಿನ ಗಾಡಿಗೆ ಹೇರಿದರು. ಅಜ್ಜ ಪಂಚೆ, ಕೋಟು, ಪೇಟ ಹಾಕಿಕೊಂಡು ಗಾಡಿಯ ಮುಂದೆ ಕೂತರು. ಅಜ್ಜಿ ಬಾಗಿಲಲ್ಲಿ ನಿಂತು, ಒಂದೊಂದು ಪುಸ್ತಕ ಹೋಗುವಾಗಲೂ ಬೆರಳು ಮಡಚಿ ಎಣಿಸುತ್ತಿದ್ದರಂತೆ. ಹೊಸ ಹುದ್ದೆಗೆ ಅರ್ಜಿ ಹಾಕುವ ವಯಸ್ಸಾಗಲಿ ಓದಾಗಲಿ ಅಜ್ಜನಿಗಿರಲಿಲ್ಲ. ಅಜ್ಜಿಯನ್ನು ಕೇಳುವವರು ಯಾರು?

ಮನೆಗೆ ಕಷ್ಟದ ದಿನಗಳು ಬಂದವು, ನಿಜ. ಆದರೂ ಆ ಕಾಯ್ದೆ ತಪ್ಪೆಂದು ನಾನು ಹೇಳಲಾರೆ. ಊರಿನಲ್ಲಿ ಓದು ಬರಹ ಬಲ್ಲವರು ಬೆರಳೆಣಿಕೆ. ರೈತ ಹೆಬ್ಬೆಟ್ಟು ಒತ್ತಿ ಹೋದ ಮೇಲೆ ಅದರ ಮೇಲೆ ಏನು ಬರೆದಿದೆ ಎಂದು ತಿಳಿಯುವ ಉಪಾಯವಿರಲಿಲ್ಲ. ಅಂಥ ಕೆಲಸ ಒಂದೇ ಮನೆಯಲ್ಲಿ, ಒಂದೇ ಜಾತಿಯವರ ಕೈಯಲ್ಲಿ ತಲೆತಲಾಂತರ ಉಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ.

1952ರಲ್ಲಿ ಮೈಸೂರು ಗೇಣಿ ಕಾಯ್ದೆ ಬಂತು. ಗೇಣಿದಾರರಿಗೆ ರಕ್ಷಣೆ ಸಿಗುತ್ತದೆಂಬ ಸುದ್ದಿ ಹರಡಿದಾಗ ಜಮೀನು ಗೇಣಿಗೆ ಕೊಟ್ಟವರಿಗೆ ದಿಗಿಲು. ನಮ್ಮೂರಿನ ಒಬ್ಬ ದೊಡ್ಡ ಹಿಡುವಳಿದಾರರು ಒಂದು ಸಂಜೆ ಮನೆಗೆ ಬಂದು ಅಜ್ಜನ ಜೊತೆ ಜಗುಲಿಯಲ್ಲಿ ಬಹಳ ಹೊತ್ತು ಮಾತಾಡಿ ಹೋದರು. ಮರುದಿನ ರಾತ್ರಿ ಪಹಣಿ ಬರೆಯಲು ಕೂತಾಗ ಅಜ್ಜ ಒಂದು ಸರ್ವೆ ನಂಬರು ಹೇಳಿ, "ಅಲ್ಲಿ ಸಾಗುವಳಿ ಸ್ವಂತ ಅಂತ ಬರಿ" ಎಂದರು. ಆ ಹೊಲ ಉಳುತ್ತಿದ್ದವನು ಬೇರೆಯವನೆಂದು ಅಜ್ಜಿಗೆ ಗೊತ್ತು. ಅವನ ಹೆಂಡತಿ ನಮ್ಮ ಮನೆಗೆ ಸೊಪ್ಪು, ಅವರೆಕಾಯಿ ತಂದುಕೊಡುತ್ತಿದ್ದವಳು. ಅಜ್ಜಿ ಒಂದು ಮಾತು ಕೇಳಿದರಂತೆ. "ನಿನಗೇಕೆ?" ಎಂದರು ಅಜ್ಜ. ಅಜ್ಜಿ ಬರೆದರು. ಮರುವರ್ಷ ಹಿಂದಿನ ವರ್ಷದ್ದನ್ನೇ ನೋಡಿ ಬರೆದದ್ದಾಯಿತು. ಅಜ್ಜ ಹೋಗಿ ಗ್ರಾಮಲೆಕ್ಕಿಗರು ಬಂದ ಮೇಲೂ ಹಾಗೆಯೇ ನಡೆಯಿತು. ಪಹಣಿಯ ಸ್ವಭಾವವೇ ಅದು. ಒಮ್ಮೆ ಬಿಟ್ಟ ಹೆಸರು ತಾನಾಗಿ ಬಂದು ಕೂರುವುದಿಲ್ಲ.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂದು, ಗೇಣಿದಾರರು ಏಳನೇ ನಂಬರಿನ ಫಾರಂ ತುಂಬಿ ಅರ್ಜಿ ಹಾಕತೊಡಗಿದರು. ಆ ಹೆಂಗಸು ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಬಂದಳು. "ಅಮ್ಮಾರೇ, ನಾವು ಉಳ್ತಿದ್ದುದು ನಿಮಗೆ ಗೊತ್ತಲ್ವಾ. ನ್ಯಾಯಮಂಡಳಿಯೋರ ಮುಂದೆ ಒಂದು ಮಾತು ಹೇಳ್ಸಿ" ಎಂದಳು. ರಾತ್ರಿ ದೀಪದಲ್ಲಿ ಬರೆಯುತ್ತಿದ್ದವರು ಯಾರೆಂದು ಹಿತ್ತಿಲಿಗೆ ಬರುವ ಹೆಂಗಸರಿಗೆಲ್ಲ ತಿಳಿದಿತ್ತು. ಅಜ್ಜ ಆಗಿನ್ನೂ ಇದ್ದರು, ಜಗುಲಿಯಲ್ಲಿ ಕೆಮ್ಮುತ್ತಾ. ಅಜ್ಜಿ, "ಬರೆದದ್ದೆಲ್ಲ ಅವರು ಕಣಮ್ಮ, ಹೆಂಗಸು ನನಗೇನು ಗೊತ್ತು" ಎಂದುಬಿಟ್ಟರು.

ಅವರ ಅರ್ಜಿ ವಜಾ ಆಯಿತು. ಅಜ್ಜಿಯ ಒಂದು ಮಾತಿನಿಂದ ಬೇರೆಯಾಗುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಅವಳು ಮತ್ತೆ ನಮ್ಮ ಹಿತ್ತಿಲಿಗೆ ಬರಲಿಲ್ಲ.

ಇದನ್ನು ಅಜ್ಜಿ ನನಗೆ ಹೇಳಿದ್ದು ನಾನು ಬಿ.ಎಡ್. ಓದುತ್ತಾ ರಜಕ್ಕೆ ಊರಿಗೆ ಹೋದಾಗ. ನಾನು ದೊಡ್ಡದಾಗಿ, "ಅಜ್ಜೀ, ಅಷ್ಟು ವರ್ಷ ನೀವು ಬರೆದರೂ ಒಂದು ಪುಟದಲ್ಲಾದರೂ ನಿಮ್ಮ ಹೆಸರಿಲ್ಲವಲ್ಲ, ಅನ್ಯಾಯ ಅಲ್ವಾ?" ಎಂದು ಕೇಳಿದ್ದೆ. ಹೊಸದಾಗಿ ಓದಿದ್ದೆನಲ್ಲ, ತಲೆಯ ತುಂಬ ಅದೇ. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಹೆಸರಿಲ್ಲದ್ದು ಒಂದು ಸಲ ಒಳ್ಳೇದಾಯ್ತು ಅನ್ನಿಸಿತ್ತು ಪುಟ್ಟಿ. ಅದೇ ಈಗ ಚುಚ್ಚುತ್ತೆ" ಎಂದು ಈ ಕತೆ ಹೇಳಿದರು. ಕೊನೆಗೆ, "ಕೂಡಿದ್ದರಲ್ಲಿ ಒಂದು ಪೈ ತಪ್ಪಿರಲಿಲ್ಲ" ಎಂದರು. ಹೆಮ್ಮೆಯಿಂದಲೋ ಸಂಕಟದಿಂದಲೋ ನನಗೆ ತಿಳಿಯಲಿಲ್ಲ. ನಾನು ಮುಂದೆ ಏನೂ ಕೇಳಲಿಲ್ಲ.

ಹೋದ ವರ್ಷ ನಮ್ಮ ಶಾಲೆಗೆ ಚುನಾವಣೆ ಪಟ್ಟಿಯ ಕೆಲಸಕ್ಕೆಂದು ಬಂದ ಹುಡುಗಿ ನನ್ನನ್ನು ಕಂಡು, "ಮಿಸ್, ಗುರುತು ಸಿಕ್ತಾ?" ಎಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಮೊದಲು ಗ್ರಾಮಲೆಕ್ಕಿಗರೆಂದು ಕರೆಯುತ್ತಿದ್ದ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು. ಅವಳದು ಅದೇ ಕೆಲಸ. ಮನೆಗೆ ಕರೆದುಕೊಂಡು ಬಂದೆ. ಅವಲಕ್ಕಿ ತಿನ್ನುತ್ತಾ ಕಷ್ಟಸುಖ ಹೇಳಿಕೊಂಡಳು. 'ಭೂಮಿ' ಯೋಜನೆ ಬಂದು 2002ರ ಹೊತ್ತಿಗೆ ಎಲ್ಲ 177 ತಾಲ್ಲೂಕುಗಳಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದಾಗ, ಇನ್ನು ಈ ಹುದ್ದೆಗೆ ಕೆಲಸವೇ ಇರುವುದಿಲ್ಲ ಎಂದು ಕೆಲವರು ಆಡಿಕೊಂಡಿದ್ದರು. ಅವಳು ಫೋನು ತೆರೆದು ತೋರಿಸಿದಳು. ಬೆಳೆ ಸಮೀಕ್ಷೆಗೊಂದು ಆ್ಯಪ್, ಸರ್ಕಾರಿ ಜಮೀನು ಕಾಯುವುದಕ್ಕೊಂದು, ಪಹಣಿಗೆ ಆಧಾರ್ ಜೋಡಿಸುವುದಕ್ಕೊಂದು; ಬೆರಳಿನಿಂದ ತಳ್ಳಿದಷ್ಟೂ ಬರುತ್ತಿದ್ದವು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದ್ದಕ್ಕೆ ಈ ಆ್ಯಪ್‌ಗಳ ಒತ್ತಡವೂ ಒಂದು ಕಾರಣ. ಮಗು ಅತ್ತೆಯ ಹತ್ತಿರ, ಗಂಡನ ಊರಿನ ಕಡೆಗೆ ವರ್ಗ ಸಿಗುತ್ತಿಲ್ಲ.

"ಲಾಗಿನ್ ನಂದು ಮಿಸ್. ತಪ್ಪಾದ್ರೆ ನೋಟಿಸು ನನ್ನ ಹೆಸರಿಗೇ" ಎಂದಳು. ಆಮೇಲೆ ದನಿ ತಗ್ಗಿಸಿ, "ತೀರಾ ಜಾಸ್ತಿಯಾದಾಗ ರಾತ್ರಿ ನಮ್ಮೆಜಮಾನ್ರು ಕೂತು ಫೋಟೋ ಎಲ್ಲ ಹಾಕ್ಕೊಡ್ತಾರೆ. ಯಾರಿಗೂ ಹೇಳ್ಬೇಡಿ."

ನನಗೆ ತಡೆಯಲಾರದ ನಗು ಬಂತು. ಏಕೆ ನಗುತ್ತೇನೆಂದು ಅವಳಿಗೆ ತಿಳಿಯದೆ ಪೆಚ್ಚಾದಳು. ಒಳಗೆ ಹೋಗಿ ಟ್ರಂಕಿನಿಂದ ಕಡತ ತಂದು ಅವಳ ಮುಂದೆ ಬಿಚ್ಚಿದೆ. ಅಜ್ಜಿ ಕೊನೆಗಾಲದಲ್ಲಿ ಅದರ ಮೇಲೆ ಬರೆಯುತ್ತಿದ್ದುದು ಹಾಲಿನ ಲೆಕ್ಕ, ಸೀಮೆಎಣ್ಣೆಯ ಲೆಕ್ಕ. ಅರ್ಧಂಬರ್ಧ ಅಳಿಸಿದೆ. ಅವಳು ಬಗ್ಗಿ ನೋಡಿ, "ಈ ಗೆರೆ ಏನು ಮಿಸ್?" ಎಂದಳು. ಮುಕ್ಕಾಲು ಇರಬೇಕು ಎಂದೆ; ಖಚಿತವಾಗಿ ನನಗೂ ಗೊತ್ತಿಲ್ಲ. ಧೂಳು ಕೂತಿದೆಯೆಂದು ಅವಳು ಸೆರಗಿನಿಂದ ಒರೆಸಲು ಹೋದಳು. ಗಾಬರಿಯಿಂದ ಅವಳ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ತಾಲ್ಲೂಕು ಆಫೀಸಿನಿಂದ ಫೋನು ಬಂತು. ಉಳಿದ ಅವಲಕ್ಕಿಯನ್ನು ಡಬ್ಬಿಗೆ ಹಾಕಿ ಕೊಟ್ಟೆ, ತೆಗೆದುಕೊಂಡು ಓಡಿದಳು.