ಕಪ್ಪೆಗಳಿಲ್ಲದ ದ್ವೀಪಗಳು

1859ರಲ್ಲಿ ಚಾರ್ಲ್ಸ್ ಡಾರ್ವಿನ್ನರ ‘ಜೀವಜಾತಿಗಳ ಉಗಮ’ವು ಲಂಡನ್ನಿನಲ್ಲಿ ಪ್ರಕಟವಾದಾಗ ಎದ್ದ ವಾಗ್ವಾದದಲ್ಲಿ ವಾನರನ ಹೆಸರೇ ಹೆಚ್ಚಾಗಿ ಕೇಳಿಬಂದಿತು. ಆ ಗ್ರಂಥದಲ್ಲಾದರೋ ಮನುಷ್ಯನ ಉಗಮದ ವಿಚಾರವು ಒಂದೆರಡು ಮಾತಿನಲ್ಲಿ ಮುಗಿದಿದೆ. ದ್ವೀಪಗಳ ಕಪ್ಪೆ ಬಾವಲಿಗಳಿಗೆ ದೊರೆತ ಸ್ಥಳ ಅದಕ್ಕಿಂತ ಹೆಚ್ಚು. ನಾವು ಈಗ ಪರಿಶೀಲಿಸುವುದು ಇವುಗಳ ಸಾಕ್ಷ್ಯವನ್ನೇ.

ಒಂದು ಪ್ರದೇಶದಲ್ಲಿ ಮಾತ್ರ ಕಾಣುವ ಪ್ರಾಣಿಯು ಆ ಪ್ರದೇಶಕ್ಕೆ ತಕ್ಕಂತೆ ಅಲ್ಲಿಯೇ ಸೃಷ್ಟವಾಯಿತೆಂಬುದು ಆ ಕಾಲದ ಅನೇಕ ವಿದ್ವಾಂಸರ ಮತ. ಹಾರ್ವರ್ಡಿನ ಲೂಯಿ ಅಗಾಸಿಸರು ಇವರಲ್ಲಿ ಅಗ್ರಗಣ್ಯರು. ಅವರನ್ನು ಮೂಢರೆಂದು ಹಳಿಯುವುದು ಅನ್ಯಾಯ; ಪ್ರಾಚೀನ ಹಿಮಯುಗದ ಕಲ್ಪನೆಯನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಅವರು ಪ್ರಮುಖರು.

ಡಾರ್ವಿನ್ನರು ಕೇಳಿದುದಿಷ್ಟೆ: ಹಾಗಾದರೆ ಖಂಡಗಳಿಂದ ಬಹುದೂರದ ಸಾಗರದ್ವೀಪಗಳಲ್ಲಿ ಕಪ್ಪೆಗಳೇಕಿಲ್ಲ? ಹವೆ ಒಗ್ಗದೆನ್ನುವಂತಿಲ್ಲ. ಮದೀರಾ, ಅಜೋರ್ಸ್, ಮಾರಿಷಸ್‌ಗಳಿಗೆ ಮನುಷ್ಯರು ಒಯ್ದ ಕಪ್ಪೆಗಳು ಪೀಡೆಯೆನಿಸುವಷ್ಟು ಹೆಚ್ಚಿದುವು. ನೆಲದ ಮೇಲೆ ನಡೆದಾಡುವ ಸಸ್ತನಿಗಳೂ ಅಲ್ಲಿಲ್ಲ, ಹಾರಬಲ್ಲ ಬಾವಲಿಗಳುಂಟು. ಸೃಷ್ಟಿಕರ್ತನಿಗೆ ಬಾವಲಿಯ ಮೇಲೆ ಮಾತ್ರ ಈ ಪಕ್ಷಪಾತವೇಕೆ? ಕಪ್ಪೆಯೂ ಅದರ ಮೊಟ್ಟೆಯೂ ಉಪ್ಪುನೀರಿನಲ್ಲಿ ಬದುಕಲಾರವು. ಕಡಲನ್ನು ದಾಟಬಲ್ಲ ಜೀವಿಗಳಷ್ಟೇ ದ್ವೀಪವನ್ನು ಸೇರಿ, ಕಾಲಕ್ರಮದಲ್ಲಿ ಅಲ್ಲಿ ಮಾರ್ಪಟ್ಟುವು ಎಂಬುದು ಅವರ ಸಮಾಧಾನ.

ಇದು ಬರಿಯ ತರ್ಕವಲ್ಲ. ಅವರು 87 ಬಗೆಯ ಬೀಜಗಳನ್ನು 28 ದಿನ ಉಪ್ಪುನೀರಿನಲ್ಲಿ ಮುಳುಗಿಸಿಟ್ಟರು. 64 ಬಗೆಗಳು ಮೊಳೆತುವು. ಕೆಲವು 137 ದಿನಗಳನ್ನೂ ಸಹಿಸಿದುವು. ಕೆಲವು ಸೀಸೆಗಳ ನೀರು ಕೊಳೆತು ನಾರುತ್ತಿತ್ತಂತೆ. ಮನೆಯವರ ತಾಳ್ಮೆಯನ್ನು ನಾವು ಮೆಚ್ಚಬೇಕು!

1872ರಲ್ಲಿ ಅಗಾಸಿಸರು ಸ್ವತಃ ಗಲಾಪಗಸ್ ದ್ವೀಪಗಳಿಗೆ ಹೋದರು. ಬೆಂಕಿಬೆಟ್ಟಗಳಿಂದ ಎದ್ದ ಇಷ್ಟು ಹೊಸ ನೆಲದಲ್ಲಿ ಪ್ರಾಣಿಗಳು ಮಾರ್ಪಡಲು ಕಾಲವೆಲ್ಲಿತ್ತು ಎಂದು ಶಂಕಿಸಿದರು. ಶಂಕೆ ತೂಕದ್ದೇ. ಆ ದ್ವೀಪಗಳ ಪೂರ್ವಕ್ಕೆ ಇನ್ನೂ ಹಳೆಯ ದ್ವೀಪಗಳು ಕಡಲಡಿಯಲ್ಲಿ ಮುಳುಗಿವೆಯೆಂಬುದು ಪತ್ತೆಯಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಗಾಸಿಸರು ಮತವನ್ನು ಬದಲಿಸದೆಯೇ 1873ರಲ್ಲಿ ತೀರಿಕೊಂಡರು.

ಹಿಂದೂ ಮಹಾಸಾಗರದ ಸೆಷೆಲ್ಸ್ ದ್ವೀಪಗಳಲ್ಲಿ ಸ್ವಂತ ಕಪ್ಪೆಗಳಿವೆಯಲ್ಲ ಎಂದು ಶ್ರೋತೃಗಳು ಆಕ್ಷೇಪಿಸಬಹುದು. ಆದರೆ ಅಲ್ಲಿಯ ಮುಖ್ಯ ದ್ವೀಪಗಳು ಕಡಲಿಂದ ಎದ್ದವಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭಾರತದಿಂದ ಬೇರ್ಪಟ್ಟ ಕಣಶಿಲೆಯ ತುಣುಕುಗಳು. ನಮ್ಮ ಸಹ್ಯಾದ್ರಿಯ ದಕ್ಷಿಣಭಾಗದಲ್ಲಿ, ವರ್ಷದ ಬಹುಕಾಲ ನೆಲದೊಳಗೇ ಇರುವ ನೇರಳೆ ಬಣ್ಣದ ಕಪ್ಪೆಯೊಂದನ್ನು ವಿಜ್ಞಾನಿಗಳು 2003ರಲ್ಲಿ ಹೊಸ ಜಾತಿಯೆಂದು ವರ್ಣಿಸಿದರು. ಅದರ ಅತಿ ಸಮೀಪದ ಬಂಧುಗಳು ಸೆಷೆಲ್ಸಿನಲ್ಲಿವೆ. ಆ ಕಪ್ಪೆಗಳು ಕಡಲನ್ನು ದಾಟಲಿಲ್ಲ. ಅವುಗಳ ಕಾಲಡಿಯ ನೆಲವೇ ಇಬ್ಭಾಗವಾಗಿ ನಡುವೆ ಕಡಲು ನುಗ್ಗಿತು.