ಕಣ್ಣಿಗೆ ಪಟ್ಟಿ, ಕೈಗೆ ಮರದ ತುಂಡು

ಅಹಮದಾಬಾದಿನ ಮಗ್ಗುಲಲ್ಲೇ ಇರುವ ಭಾಟ್‌ನ ಭಾರತೀಯ ಉದ್ಯಮಶೀಲತಾ ಅಭಿವೃದ್ಧಿ ಸಂಸ್ಥೆ ತನ್ನ ಕಟ್ಟಡದಿಂದಲೂ ಹೆಸರುವಾಸಿ. ಬಿಮಲ್ ಪಟೇಲ್ ರೂಪಿಸಿದ ಆ ಆವರಣಕ್ಕೆ 1992ರಲ್ಲಿ ಆಗಾ ಖಾನ್ ಪ್ರಶಸ್ತಿ ಸಂದಿತು. ಆದರೆ ಗುಜರಾತಿನ ತರಬೇತಿ ಪರಂಪರೆ ಊರೂರಿಗೆ ಹಬ್ಬಿಸಿದ್ದು ರಿಂಗು, ಮರದ ತುಂಡು, ಕಾಗದದ ದೋಣಿಗಳನ್ನು. ಮೀಸೆ ಬಂದವರು ಗಂಭೀರವಾಗಿ ಆಡುವ ಆಟಗಳಿವು.

ಆಟಕ್ಕೆ ಇಲ್ಲಿ ಮೊದಲು ಮರ್ಯಾದೆ ತಂದುಕೊಟ್ಟವರು ಮೇಷ್ಟ್ರುಗಳು. ವಕೀಲಿ ಬಿಟ್ಟು ಶಿಕ್ಷಕರಾದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ‘ದಿವಾಸ್ವಪ್ನ’ ಪುಸ್ತಕದ ಶಿಕ್ಷಕ ಪಠ್ಯ ಬದಿಗಿಟ್ಟು ಕಥೆ, ಆಟ, ನಾಟಕ ಹಿಡಿಯುತ್ತಾನೆ, ಸಹೋದ್ಯೋಗಿಗಳು ಗೇಲಿ ಮಾಡುತ್ತಾರೆ. ಆಮೇಲೆ ಕಲಾವಿದರ ಸರದಿ. ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ 1960ರ ದಶಕದಲ್ಲಿ ಶುರುವಾದ ಮೇಳಕ್ಕಾಗಿ ಕೆ.ಜಿ. ಸುಬ್ರಮಣ್ಯನ್ ಅವರಂಥ ದೊಡ್ಡ ಕಲಾವಿದರೂ ವಿದ್ಯಾರ್ಥಿಗಳೊಡನೆ ಕೂತು ಆಟಿಕೆ ಮಾಡಿದರು. ಗುರು-ಶಿಷ್ಯ ಎಂಬ ಮೇಲು-ಕೀಳು ಆ ದಿನಗಳ ಮಟ್ಟಿಗಾದರೂ ಸಡಿಲಗೊಂಡಿರಬೇಕು. 1961ರಲ್ಲಿ ಆರಂಭವಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಸುದರ್ಶನ್ ಖನ್ನಾ ಜಾತ್ರೆಯ ಪೀಪಿ, ಗಿರಗಟ್ಟಲೆಗಳನ್ನೇ ವಿನ್ಯಾಸದ ಪಾಠವಾಗಿಸಿದರು; ಅವರ ‘ಡೈನಾಮಿಕ್ ಫೋಕ್ ಟಾಯ್ಸ್’ ಪುಸ್ತಕ ಬಂದದ್ದು 1983ರಲ್ಲಿ.

ದೊಡ್ಡವರ ಆಟದ ಬೇರು ಮಾತ್ರ ಬೇರೆ ಕಡೆ ಇದೆ. ಹಾರ್ವರ್ಡಿನ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲ್ಯಾಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನ ಸಂಸ್ಥೆಯೊಂದರಲ್ಲಿ ತರಬೇತಿ ಕೊಡಿಸಿದರು. ಸಾಧಿಸಬೇಕೆಂಬ ಹಂಬಲವನ್ನು ಕಲಿಸಬಹುದು ಎಂಬುದು ಅವರ ವಾದ. ಗುಜರಾತ್ 1970ರಲ್ಲಿ ಈ ವಾದವನ್ನು ಸಾಲ ಯೋಜನೆಯ ಜೊತೆ ಗಂಟು ಹಾಕಿತು. ವ್ಯಾಪಾರದ ಮನೆತನವಿಲ್ಲದ, ಕೈಯಲ್ಲಿ ಬಂಡವಾಳವಿಲ್ಲದ ಯುವಕರನ್ನು ಆರಿಸಿ, ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಕಾರ್ಖಾನೆ ಹಾಕಲು ಸರ್ಕಾರಿ ನಿಗಮಗಳು ನೆರವಾದವು. ವಿ.ಜಿ. ಪಟೇಲ್ ಇದರ ಮುಂದಾಳು. 1979ರಲ್ಲಿ ರಾಜ್ಯ ಮಟ್ಟದ ಕೇಂದ್ರ, 1983ರಲ್ಲಿ ರಾಷ್ಟ್ರೀಯ ಹಣಕಾಸು ಸಂಸ್ಥೆಗಳ ಬೆಂಬಲದ ಭಾಟ್‌ನ ಸಂಸ್ಥೆ ಹುಟ್ಟಿದವು.

ಈ ತರಬೇತಿಯ ಆಟಗಳಲ್ಲಿ ಮೊದಲಿಗೆ ರಿಂಗ್ ಎಸೆತ. ನೆಲಕ್ಕೆ ಒಂದು ಗೂಟ. ಎಷ್ಟು ದೂರದಿಂದ ಎಸೆಯಬೇಕೆಂಬುದು ಆಡುವವನ ಇಷ್ಟ. ಗೂಟದ ಪಕ್ಕದಲ್ಲೇ ನಿಂತರೆ ಹೆದರಿಕೆ, ಗೋಡೆಗೆ ಒರಗಿ ಎಸೆದರೆ ಜೂಜು. ಮಧ್ಯದ ಜಾಗ ಹುಡುಕಿಕೊಂಡವನು ಲೆಕ್ಕ ಹಾಕಿ ಅಪಾಯಕ್ಕೆ ಒಡ್ಡಿಕೊಳ್ಳುವವನು. ಚೊಕ್ಕವಾದ ಆಟ, ಆದರೆ ಅಳೆಯುವುದು ಒಬ್ಬನನ್ನಷ್ಟೇ.

ಗೋಪುರದ ಆಟ ಹಾಗಲ್ಲ. ಅದರ ಮೂಲ 1959ರಲ್ಲಿ ರೋಸೆನ್ ಮತ್ತು ಡಿ’ಆಂಡ್ರಾಡೆ ಪ್ರಕಟಿಸಿದ ಪ್ರಯೋಗದಲ್ಲಿದೆ: ಕಣ್ಣುಕಟ್ಟಿಸಿಕೊಂಡ ಹುಡುಗ ಒಂದೇ ಕೈಯಲ್ಲಿ ಮರದ ತುಂಡು ಪೇರಿಸಬೇಕು, ಅಪ್ಪ ಅಮ್ಮ ಪಕ್ಕದಲ್ಲಿರುತ್ತಾರೆ. ತರಬೇತಿಯಲ್ಲಿ ಅಪ್ಪ ಅಮ್ಮನ ಜಾಗಕ್ಕೆ ಮೇಲ್ವಿಚಾರಕ, ಮ್ಯಾನೇಜರು ಬಂದರು. ಎಷ್ಟು ತುಂಡು ಪೇರಿಸುತ್ತೀರೆಂದು ಮೂವರೂ ಮೊದಲೇ ಹೇಳಬೇಕು. ಕಟ್ಟುವವನು ಎಂಟು ಎಂದರೆ ಮ್ಯಾನೇಜರಿಗೆ ಹದಿನೈದು ಬೇಕು. ಚೌಕಾಸಿ ಅಲ್ಲಿಂದಲೇ ಶುರು. ಪಟ್ಟಿ ಕಟ್ಟಿ, ರೂಢಿಯಿಲ್ಲದ ಕೈಗೆ ತುಂಡು ಕೊಟ್ಟಾಗ ಒಬ್ಬ ‘ಎಡಕ್ಕೆ’ ಎನ್ನುತ್ತಾನೆ, ಇನ್ನೊಬ್ಬ ‘ಸ್ವಲ್ಪ ಹಿಂದಕ್ಕೆ’ ಎನ್ನುತ್ತಾನೆ. ಯಾರ ಎಡ? ಗೋಪುರ ಬೀಳುತ್ತದೆ. ನಿಜವಾದ ಪಾಠ ಆಮೇಲಿನ ಚರ್ಚೆಯಲ್ಲಿದೆ: ಬೈದವರಾರು, ಸುಮ್ಮನಿದ್ದವರಾರು, ಕಣ್ಣುಕಟ್ಟಿಸಿಕೊಂಡವನನ್ನು ಕೇಳಿದವರಾರು? ಆ ಚರ್ಚೆಗೆ ಸಮಯವಿಲ್ಲದ ತರಬೇತಿಯಲ್ಲಿ ಇದು ಬರೀ ಕಾಲಹರಣ.

ಭಾಟ್‌ನ ಸಂಸ್ಥೆ ಹುಟ್ಟಿದ ಹೊತ್ತಿಗೆ ಅಹಮದಾಬಾದಿನ ಐಐಎಂನಲ್ಲಿ ಪ್ರದೀಪ್ ಖಂಡ್ವಾಲಾ ಸೃಜನಶೀಲತೆಯನ್ನೇ ಅಧ್ಯಯನದ ವಸ್ತುವಾಗಿಸಿದ್ದರು. ಅಭ್ಯಾಸದಿಂದ ಹೊಸತನ ಕುದುರುತ್ತದೆ ಎಂಬುದು 1984ರ ‘ಫೋರ್ತ್ ಐ’ ಪುಸ್ತಕದ ಹುರುಳು. ಮೆಕ್ಲೆಲ್ಯಾಂಡ್ ವಾದಕ್ಕೆ ಟೀಕೆಗಳೂ ಬಂದವು: ಕೊರತೆ ಮನಸ್ಸಿನದೋ, ಸಾಲ-ಜಾತಿ-ಸಂಬಂಧಗಳದೋ? ಟೀಕೆಯಲ್ಲಿ ತೂಕವಿದೆ. ಗುಜರಾತಿನವರು ಆಟದ ಜೊತೆಗೆ ಸಾಲವನ್ನೂ ಇಟ್ಟದ್ದು ಈ ದೃಷ್ಟಿಯಿಂದ ಜಾಣತನ.

ಸೂರತ್‌ನದು ಸ್ವಲ್ಪ ಬೇರೆ ದಾರಿ. 2006ರ ಪ್ರವಾಹದಲ್ಲಿ ಮುಳುಗಿದ ಆ ಊರು 2008ರಿಂದ ರಾಕ್‌ಫೆಲರ್ ಪ್ರತಿಷ್ಠಾನದ ಹವಾಮಾನ ಯೋಜನೆಯಲ್ಲಿ ಪಾಲುಗೊಂಡಿತು. ಅಧಿಕಾರಿಗಳು, ವ್ಯಾಪಾರಿಗಳು, ತಜ್ಞರು ಒಟ್ಟಿಗೆ ಕೂತು ‘ಮುಂದೆ ಹೀಗಾದರೆ?’ ಎಂದು ಯೋಚಿಸುವ ಸಂವಾದಗಳು ಅಲ್ಲಿ ನಡೆದವು. ಅದನ್ನು ಆಟವೆನ್ನಲಾಗದು, ಆದರೆ ‘ಅಂದುಕೊಳ್ಳೋಣ’ ಎಂಬ ಮಾತು ಆಟದ ಬಳಗದ್ದೇ. ಇತ್ತ ಅಹಮದಾಬಾದಿನಲ್ಲಿ ಕಿರಣ್ ಬೀರ್ ಸೇಠಿ 2001ರಲ್ಲಿ ರಿವರ್‌ಸೈಡ್ ಶಾಲೆ ತೆರೆದರು. 2009ರಲ್ಲಿ ಅವರು ಶುರುಮಾಡಿದ ‘ಡಿಸೈನ್ ಫಾರ್ ಚೇಂಜ್’ ಮಕ್ಕಳ ಗುಂಪುಗಳಿಗೆ ತಮ್ಮೂರಿನ ತೊಂದರೆಯೊಂದನ್ನು ತಾವೇ ಆರಿಸಿ ಬಗೆಹರಿಸಲು ಬಿಡುತ್ತದೆ.

ಕನ್ನಡ ನಾಡಿಗೂ ಈ ಆಟಗಳು ಹೊಸವಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್, ಅದರ ಮಾದರಿಯಲ್ಲಿ ದೇಶದಾದ್ಯಂತ ಬಂದ ಆರ್‌ಸೆಟಿ ಕೇಂದ್ರಗಳು ರಿಂಗ್, ಗೋಪುರ, ಕಾಗದದ ದೋಣಿ ಮೂರನ್ನೂ ತರಬೇತಿಯಲ್ಲಿ ಬಳಸುತ್ತವೆ. ಹೊಲಿಗೆ, ಹೈನುಗಾರಿಕೆ ಕಲಿಯಲು ಬಂದವರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಹಳೆಯ ತಂಡದಿಂದ ಹೊಸ ತಂಡಕ್ಕೆ ಗುಟ್ಟು ಸೋರುವುದೇ ಇಲ್ಲಿನ ತಾಪತ್ರಯ. ಮಧ್ಯದಲ್ಲಿ ನಿಂತರೆ ಮೆಚ್ಚುಗೆ ಎಂದು ಗೊತ್ತಾದ ಮೇಲೆ ರಿಂಗ್ ಎಸೆತ ಯಾರನ್ನೂ ಅಳೆಯುವುದಿಲ್ಲ. ಗೋಪುರಕ್ಕೆ ಆ ಕಾಟ ಕಡಿಮೆ: ಗುಟ್ಟು ತಿಳಿದವನಿಗೂ ಪಟ್ಟಿಯಾಚೆ ಏನೂ ಕಾಣದು, ಪಕ್ಕದಲ್ಲಿ ನಿಂತು ‘ಎಡಕ್ಕೆ’ ಎನ್ನುವವನು ಪ್ರತಿಸಲವೂ ಹೊಸಬ.