ತಗಡಿನ ಕೊಳಲಿನ ಚರಿತ್ರೆ

ವಾದ್ಯಗಳ ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅರಮನೆಯ ವೀಣೆ, ದೇವಾಲಯದ ನಾಗಸ್ವರ ಮುಂತಾದವು. ಆದರೆ ಬಡವರ ಜೇಬಿನಲ್ಲಿಯೇ ಬೆಳೆದು ಬಂದ ವಾದ್ಯಗಳಿಗೂ ಒಂದು ಚರಿತ್ರೆಯುಂಟು. ಸುಮಾರು ಒಂದು ಅಡಿ ಉದ್ದದ, ಆರು ರಂಧ್ರಗಳ, 'ಟಿನ್ ವಿಷಲ್' ಎಂಬ ತಗಡಿನ ಕೊಳಲು ಅಂಥದ್ದು. ಅದರ ಇನ್ನೊಂದು ಹೆಸರು 'ಪೆನ್ನಿ ವಿಷಲ್'. ಆ ಹೆಸರೇ ಅದರ ಅಗ್ಗತನವನ್ನು ಸಾರುತ್ತದೆ.

ಇದರ ಪೂರ್ವಜರು ಬಹಳ ಹಳಬರು. ಐರ್ಲೆಂಡಿನ ಡಬ್ಲಿನ್ ನಗರದ ಉತ್ಖನನದಲ್ಲಿ 12ನೆಯ ಶತಮಾನದ ಮೂಳೆಯ ಕೊಳಲುಗಳು ದೊರೆತಿವೆ. ಆದರೆ ತಗಡಿನ ಕೊಳಲು ಹುಟ್ಟಿದ್ದು ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ. ತವರ ಲೇಪಿಸಿದ ತೆಳುವಾದ ಕಬ್ಬಿಣದ ತಗಡು ಬ್ರಿಟನ್ನಿನಲ್ಲಿ ಆಗ ಅಗ್ಗವಾಗಿ ದೊರೆಯುತ್ತಿತ್ತು. ಸಫೋಕ್ ಪ್ರಾಂತದ ಬಡ ಕೃಷಿ ಕಾರ್ಮಿಕ ರಾಬರ್ಟ್ ಕ್ಲಾರ್ಕ್ ಆ ತಗಡನ್ನು ಸುರುಳಿ ಸುತ್ತಿ, ಬಾಯಿಗೆ ಮರದ ಬೆಣೆಯಿಟ್ಟು, 1843ರಲ್ಲಿ ಕೊಳಲು ಮಾಡತೊಡಗಿದ. ಉಪಕರಣಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು, ದಾರಿಯುದ್ದಕ್ಕೂ ಕೊಳಲು ಮಾರುತ್ತಾ ಮ್ಯಾಂಚೆಸ್ಟರಿಗೆ ನಡೆದೇ ಹೋದನೆಂಬ ಕಥೆ ಪ್ರಚಲಿತವಾಗಿದೆ.

ಅಗ್ಗದ ಈ ವಾದ್ಯವನ್ನು ಕೈಗೆತ್ತಿಕೊಂಡು ಊದಿ ನೋಡಿದರೆ ಅದರ ಗುಣದೋಷಗಳೆರಡೂ ಬೇಗ ತಿಳಿಯುತ್ತವೆ. ನಮ್ಮ ಬಿದಿರಿನ ಕೊಳಲಿನಲ್ಲಿ ತುಟಿಯೇ ಗಾಳಿಯನ್ನು ರಂಧ್ರದ ಅಂಚಿಗೆ ಹಾಯಿಸಬೇಕು. ನಾದ ಹೊರಡುವುದಕ್ಕೇ ಹಲವು ದಿನಗಳ ಅಭ್ಯಾಸ ಬೇಕು. ಇಲ್ಲಿ ಆ ಕೆಲಸವನ್ನು ಬೆಣೆಯ ಮೇಲಿನ ಕಿರಿದಾದ ಗಾಳಿದಾರಿ ಮಾಡುತ್ತದೆ. ಆದ್ದರಿಂದ ಮೊದಲ ಉಸಿರಿಗೇ ನಾದ ಸಿದ್ಧ. ಕೆಳಗಿನಿಂದ ಒಂದೊಂದೇ ರಂಧ್ರ ತೆರೆಯುತ್ತಾ ಹೋದರೆ ಶಂಕರಾಭರಣದ ಏಳು ಸ್ವರಗಳು ದೊರೆಯುತ್ತವೆ. ಮೇಲಿನ ಮೂರು ರಂಧ್ರ ಮುಚ್ಚಿ ಹೊರಡುವ ಸ್ವರವನ್ನು ಷಡ್ಜವೆಂದುಕೊಂಡು ಮುಂದುವರಿದರೆ ಅದೇ ಕೊಳಲಿನಲ್ಲಿ ಕಲ್ಯಾಣಿಯ ಸ್ವರಗಳು ಸಿಗುತ್ತವೆ. ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು.

ತೊಂದರೆಗಳು ಅನಂತರ ಶುರುವಾಗುತ್ತವೆ. ಕೆಳಗಿನ ಸ್ವರಗಳಿಗೆ ಮೆಲ್ಲನೆಯ ಉಸಿರು ಸಾಕು. ಸ್ವಲ್ಪ ರಭಸವಾದರೂ ಸ್ವರ ತಾರಸ್ಥಾಯಿಗೆ ಹಾರಿಬಿಡುತ್ತದೆ. ತಾರಸ್ಥಾಯಿಯ ಮೇಲಿನ ಸ್ವರಗಳಿಗಾದರೋ ಬಲವಾದ ಉಸಿರೇ ಬೇಕು. ಉಸಿರು ಕುಗ್ಗಿದರೆ ಶ್ರುತಿ ಇಳಿಯುವುದರಿಂದ ನಾದವನ್ನು ಬೇಕಾದಂತೆ ಹಿರಿದುಕಿರಿದು ಮಾಡುವಂತಿಲ್ಲ. ಬಾಯಿಯ ತೇವ ಗಾಳಿದಾರಿಯಲ್ಲಿ ತುಂಬಿದರೆ ಕೊಳಲು ಮೂಕವಾಗುತ್ತದೆ. ಆಗ ಕಿಟಕಿಯಂಥ ಸೀಳನ್ನು ಬೆರಳಿನಿಂದ ಮುಚ್ಚಿ ಒಮ್ಮೆ ಜೋರಾಗಿ ಊದಿದರೆ ತೇವ ಹೊರಬೀಳುತ್ತದೆ. ಬೆಣೆ ಕೊಂಚ ಓರೆಯಾಗಿದ್ದರೂ ನಾದಕ್ಕಿಂತ ಗಾಳಿಯ ಸದ್ದೇ ಹೆಚ್ಚು ಕೇಳುತ್ತದೆ. ಹೀಗಾಗಿ ಒಂದೇ ಬೆಲೆಯ ಎರಡು ಕೊಳಲುಗಳು ಒಂದೇ ಸಮನೆ ನುಡಿಯುವುದಿಲ್ಲ.

ಆದರೂ ಈ ವಾದ್ಯ ಆಟಿಕೆಯಾಗಿಯೇ ಉಳಿಯಲಿಲ್ಲ. ಐರ್ಲೆಂಡಿನ ಜನಪದ ಸಂಗೀತದಲ್ಲಿ ಅದಕ್ಕೆ ಗೌರವದ ಸ್ಥಾನ ದೊರೆಯಿತು. ಮೇರಿ ಬರ್ಜಿನ್ ಎಂಬ ವಾದಕಿ 1979ರಲ್ಲಿ ಹೊರತಂದ ಧ್ವನಿಮುದ್ರಿಕೆ ಇದಕ್ಕೊಂದು ಪ್ರಸಿದ್ಧ ನಿದರ್ಶನ.

ದಕ್ಷಿಣ ಆಫ್ರಿಕಾದ ಕಥೆ ಇನ್ನೂ ಗಮನಾರ್ಹ. 1948ರಿಂದ ವರ್ಣಭೇದ ನೀತಿ ಅಲ್ಲಿನ ಸರ್ಕಾರದ ಅಧಿಕೃತ ಧೋರಣೆಯಾಯಿತು. 1950ರ ದಶಕದಲ್ಲಿ ಜೋಹಾನ್ಸ್‌ಬರ್ಗಿನ ಬೀದಿಗಳಲ್ಲಿ ಕರಿಯ ಹುಡುಗರು ಅಗ್ಗದ ಲೋಹದ ಕೊಳಲು ಹಿಡಿದು 'ಕ್ವೇಲಾ' ಎಂಬ ಹೊಸ ಸಂಗೀತವನ್ನೇ ಕಟ್ಟಿದರು. ಕೊಳಲನ್ನು ಬಾಯಲ್ಲಿ ಓರೆಯಾಗಿ ಹಿಡಿದು ಊದಿ, ತಯಾರಕರು ಊಹಿಸದಿದ್ದ ದಪ್ಪನೆಯ ನಾದವನ್ನು ಅವರು ಹೊರಡಿಸಿದರು. ಸ್ಪೋಕ್ಸ್ ಮಷಿಯಾನೆ ಈ ಶೈಲಿಯ ಪ್ರಖ್ಯಾತ ವಾದಕ. ಲೆರೋಲೆ ಸೋದರರ ತಂಡ ನುಡಿಸಿದ 'ಟಾಮ್ ಹಾರ್ಕ್' 1958ರಲ್ಲಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ಆದರೆ ಕರ್ತೃವೆಂದು ದಾಖಲಾದದ್ದು ಧ್ವನಿಮುದ್ರಣದ ನಿರ್ಮಾಪಕ ರೂಪರ್ಟ್ ಬೊಪಾಪೆಯ ಹೆಸರು. ಊದಿದವರಿಗೆ ಆ ಯಶಸ್ಸಿಗೆ ತಕ್ಕ ಪ್ರತಿಫಲ ಸಿಗಲಿಲ್ಲ.

ಅಗ್ಗದ ವಾದ್ಯದ ಚರಿತ್ರೆ ನಮಗೆ ಕಲಿಸುವ ಪಾಠ ಇದೇ. ತಗಡು ಅಗ್ಗವಾದುದರಿಂದ ಸಂಗೀತ ಬಡವರ ಕೈಗೆ ಬಂತು. ಅವರು ಅದರ ಕುಂದುಗಳನ್ನೇ ಪಳಗಿಸಿ ಕಲೆಯಾಗಿಸಿದರು. ಆದರೆ ವಾದ್ಯ ಕೈಗೆ ಬಂದಷ್ಟು ಸುಲಭವಾಗಿ ಅದರ ಫಲ ಕೈಗೆ ಬರಲಿಲ್ಲ. ಯಾವುದೇ ಸಂಗೀತದ ಚರಿತ್ರೆಯನ್ನು ಓದುವಾಗ ನುಡಿಸಿದವರು ಯಾರು, ಗಳಿಸಿದವರು ಯಾರು ಎಂಬ ಎರಡು ಪ್ರಶ್ನೆಗಳನ್ನೂ ವಿದ್ಯಾರ್ಥಿಗಳು ಕೇಳಿಕೊಳ್ಳಬೇಕು.